ಮೀನಿಗೆ ಹತ್ತು ನಿಮಿಷ ಸಾಕು

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲವೆಂದು ಸರ್ಕಾರ ಕೊಟ್ಟ ರಜೆ ಅದು. ಆಗಸ್ಟ್ ಬಂತೆಂದರೆ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಧಕ್ಕೆ, ತದಡಿ, ಕಾರವಾರ ಎಲ್ಲೆಡೆ ಬೋಟುಗಳ ಸದ್ದು ಮತ್ತೆ ಶುರು. ಎರಡು ತಿಂಗಳು ಒಣಮೀನಿನಲ್ಲೋ, ನಾಡದೋಣಿಯವರು ತಂದ ಅಷ್ಟಿಷ್ಟು ಹಸಿಮೀನಿನಲ್ಲೋ ದಿನ ದೂಡಿದ ಮನೆಗಳಲ್ಲಿ ಮಸಾಲೆ ಅರೆಯುವ ಕೆಲಸಕ್ಕೆ ಜೀವ ಬರುತ್ತದೆ. ಘಟ್ಟದ ಮೇಲಿನ ಪೇಟೆಗಳಿಗೂ ಬಂಗುಡೆ, ಭೂತಾಯಿ ಬುಟ್ಟಿಗಟ್ಟಲೆ ಏರಿ ಬರುವುದು ಆಮೇಲೆಯೇ.

ಹೀಗೆ ಮೀನು ಮನೆಬಾಗಿಲಿಗೆ ಬರುತ್ತಿದ್ದರೂ, ಅದನ್ನು ಹೋಟೆಲಿನಲ್ಲೇ ತಿನ್ನಬೇಕು, ಮನೆಯಲ್ಲಿ ನಮ್ಮ ಕೈಲಾಗದು ಎನ್ನುವವರು ನನ್ನ ಪರಿಚಯದಲ್ಲಿ ವರ್ಷ ವರ್ಷ ಹೆಚ್ಚುತ್ತಿದ್ದಾರೆ. ಅಮ್ಮ ಮಾಡುತ್ತಿದ್ದರು, ನಮಗೆ ಬರುವುದಿಲ್ಲ ಎನ್ನುತ್ತಾರೆ. ಯಾಕೆ ಬರುವುದಿಲ್ಲ ಎಂದು ಕೇಳಿದರೆ ಉತ್ತರ ಹೆಚ್ಚುಕಡಿಮೆ ಒಂದೇ: ಶುಚಿ ಮಾಡುವುದು ಕಷ್ಟ, ಮನೆಯೆಲ್ಲ ವಾಸನೆ, ಕಾವಲಿಗೆ ಹಾಕಿದರೆ ಪುಡಿಪುಡಿಯಾಗುತ್ತದೆ, ಮಕ್ಕಳಿಗೆ ಮುಳ್ಳಿನ ಭಯ. ಈ ನಾಲ್ಕೂ ಭಯಗಳಿಗೆ ನಮ್ಮ ಕರಾವಳಿಯ ಅಡುಗೆಮನೆಗಳು ಎಂದೋ ಉತ್ತರ ಕಂಡುಕೊಂಡಿವೆ. ನಾನು ನಂಬಿರುವುದು ಇಷ್ಟು: ಮೀನಿನ ಅಡುಗೆಯ ಮುಕ್ಕಾಲು ಪಾಲು ಕೊಳ್ಳುವಾಗಲೇ ಮುಗಿದಿರುತ್ತದೆ, ಉಳಿದ ಕಾಲು ಪಾಲು ಹೊತ್ತಿಗೆ ಸರಿಯಾಗಿ ಒಲೆ ಆರಿಸುವುದು. ಇವೆರಡು ಗೊತ್ತಿದ್ದವರಿಗೆ ಅನ್ನ, ಸಾರು ಮಾಡುವುದಕ್ಕಿಂತ ಮೀನು ಬೇಯಿಸುವುದು ಸುಲಭ.

ಒಲೆಯ ಮಾತು ಮೊದಲು. ಕುರಿಮಾಂಸ ಬೇಯಲು ಒಂದು ಗಂಟೆ ಬೇಕು, ಕುಕ್ಕರಿನಲ್ಲಾದರೂ ನಾಲ್ಕಾರು ಸೀಟಿ. ನೆಲದ ಮೇಲೆ ನಡೆಯುವ ಪ್ರಾಣಿ ತನ್ನ ಮೈಭಾರವನ್ನು ತಾನೇ ಹೊರಬೇಕು, ಅದಕ್ಕಾಗಿ ಅದರ ಮಾಂಸದ ಎಳೆಗಳನ್ನು ಗಟ್ಟಿ ಪೊರೆಗಳು ಬಿಗಿದು ಹಿಡಿದಿರುತ್ತವೆ. ಮೀನಿನ ಭಾರವನ್ನು ಹೊರುವುದು ನೀರು. ಅದರ ಎಳೆಗಳು ಗಿಡ್ಡ, ನಡುವಿನ ಪೊರೆಗಳು ತೀರಾ ತೆಳು, ಸ್ವಲ್ಪ ಶಾಖಕ್ಕೇ ಕರಗಿಬಿಡುತ್ತವೆ. ಮೀನಿನ ಒಳಭಾಗಕ್ಕೆ 60 ಡಿಗ್ರಿ ಸೆಲ್ಸಿಯಸ್ ದಾಟಿ ಸ್ವಲ್ಪ ಮುಂದೆ ಹೋಗುವಷ್ಟು ಬಿಸಿ ತಾಗಿದರೆ ಬೆಂದಂತೆ. ಕುದಿಯುವ ಸಾರಿನಲ್ಲಿ ಅದಕ್ಕೆ ಎಷ್ಟು ಹೊತ್ತು ಬೇಕು? ಇಡೀ ಬಂಗುಡೆಗೆ ಏಳೆಂಟು ನಿಮಿಷ, ದಪ್ಪ ಅಂಜಲ್ ತುಂಡಿಗೆ ಹತ್ತು, ಸಣ್ಣ ಕೊಲ್ಲತರುವಿಗೆ ಮೂರು. ಇನ್ನಷ್ಟು ಬೇಯಿಸಿದರೆ ಮೆತ್ತಗಾಗುವುದಿಲ್ಲ. ಬದಲಿಗೆ ಮಾಂಸದೊಳಗಿನ ನೀರೆಲ್ಲ ಹಿಂಡಿಹೋಗಿ ನಾರು ನಾರಾಗುತ್ತದೆ. ಮೀನು ಕೆಡುವುದು ಹಸಿ ಉಳಿದು ಅಲ್ಲ, ಹೆಚ್ಚು ಬೆಂದು. ಬೆಂದಿತೋ ಇಲ್ಲವೋ ತಿಳಿಯಲು ಬೆನ್ನೆಲುಬಿನ ಹತ್ತಿರ ಚಮಚದ ತುದಿಯಿಂದ ಮೆಲ್ಲಗೆ ಒತ್ತಿ ನೋಡಿ. ಗಾಜಿನಂತೆ ಪಾರಕವಾಗಿದ್ದ ಮಾಂಸ ಬೆಳ್ಳಗಾಗಿ, ಪದರ ಪದರವಾಗಿ ಬಿಟ್ಟುಕೊಂಡರೆ ಆಗಲೇ ಒಲೆ ಆರಿಸಿ. ಪಾತ್ರೆಯ ಬಿಸಿಯಲ್ಲಿ ಉಳಿದದ್ದು ತಾನಾಗಿ ಆಗುತ್ತದೆ.

ಇನ್ನು ಕೊಳ್ಳುವ ವಿಚಾರ. ಕುಂದಾಪುರದ ಕಡೆಯ ಮೀನು ಮಾರುವ ಹೆಂಗಸರು ಗಿರಾಕಿಗೆ ಹೇಳುವ ಮಾತೊಂದಿದೆ: "ಕಣ್ ಕಾಣಿ, ಕಿವಿ ಕಾಣಿ, ಕಡಿಕ್ ರೇಟ್ ಮಾತಾಡ್ವ." ಇದಕ್ಕಿಂತ ಒಳ್ಳೆಯ ಪಾಠ ಯಾವ ಪಾಕಪುಸ್ತಕದಲ್ಲೂ ಇಲ್ಲ. ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತಿರುತ್ತದೆ. ಗುಳಿಬಿದ್ದು ಮಂಜು ಕವಿದಿದ್ದರೆ ಹಳತು. ಕಿವಿ ಎತ್ತಿದರೆ ಒಳಗೆ ಕೆಂಪಗಿರಬೇಕು, ಕಂದು ತಿರುಗಿರಬಾರದು. ಬೆರಳಲ್ಲಿ ಒತ್ತಿದರೆ ಗುಳಿ ಉಳಿಯದೆ ಮಾಂಸ ತಕ್ಷಣ ಮೇಲೆದ್ದು ಬರಬೇಕು. ಮೂಗಿನ ಹತ್ತಿರ ಹಿಡಿದರೆ ಕಡಲಿನ ವಾಸನೆ ಇರಬೇಕೇ ಹೊರತು ನಾವು 'ಮೀನು ವಾಸನೆ' ಎನ್ನುವ ಆ ಗಬ್ಬು ಇರಬಾರದು. ಈ ಪರೀಕ್ಷೆಗಳನ್ನೆಲ್ಲ ಮಾಡಲು ಸಾಧ್ಯವಾಗುವುದು ಇಡೀ ಮೀನನ್ನು ಕಂಡಾಗ ಮಾತ್ರ. ಕತ್ತರಿಸಿ ಪ್ಲಾಸ್ಟಿಕ್ ಹಾಳೆ ಸುತ್ತಿಟ್ಟ ತುಂಡಿಗೆ ಕಣ್ಣೂ ಇಲ್ಲ, ಕಿವಿಯೂ ಇಲ್ಲ. ಆದ್ದರಿಂದ ಇಡೀ ಮೀನನ್ನು ನೋಡಿ ಆರಿಸಿ, ಆಮೇಲೆ ಅಲ್ಲೇ ಕತ್ತರಿಸಿಕೊಡಲು ಹೇಳಿ. ಊರ ಮಾರುಕಟ್ಟೆಯಲ್ಲಿ ಆ ಕೆಲಸಕ್ಕೆ ಒಬ್ಬರು ಮಣೆ, ಕತ್ತಿ ಇಟ್ಟುಕೊಂಡು ಕೂತೇ ಇರುತ್ತಾರೆ. ಶುಚಿ ಮಾಡುವ ಭಯ ಅಲ್ಲಿಗೆ ಅರ್ಧ ಕಳೆಯಿತು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಬಂಗುಡೆ, ಭೂತಾಯಿ, ಟ್ಯೂನಾ ಇವು ಬಿಸಿಲಲ್ಲಿ ಮಂಜುಗಡ್ಡೆಯಿಲ್ಲದೆ ಬಿದ್ದಿದ್ದರೆ ಅವುಗಳ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಬೆಳೆಯುತ್ತದೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. 'ನನಗೆ ಬಂಗುಡೆ ಆಗುವುದಿಲ್ಲ' ಎನ್ನುವವರಲ್ಲಿ ಕೆಲವರಿಗಾದರೂ ಆಗದೇ ಇದ್ದದ್ದು ಬಂಗುಡೆಯಲ್ಲ, ಬಿಸಿಲು ತಿಂದ ಬಂಗುಡೆ. ಎಷ್ಟು ಕುದಿಸಿದರೂ, ಎಷ್ಟು ಹುರಿದರೂ ಆ ಹಿಸ್ಟಮಿನ್ ಹೋಗುವುದಿಲ್ಲ, ಮಸಾಲೆಯಿಂದಲೂ ಹೋಗುವುದಿಲ್ಲ. ಮೀನಿನಷ್ಟೇ ತೂಕದ ಮಂಜುಗಡ್ಡೆ ಹಾಕಿ ಇಟ್ಟಿರುವ ಅಂಗಡಿಯಲ್ಲಿ ಕೊಳ್ಳಿ. ಕೊಂಡ ಮೇಲೆ ಬೇರೆ ಕೆಲಸಕ್ಕೆ ತಿರುಗಾಡದೆ ನೇರ ಮನೆಗೆ ತನ್ನಿ. ಸಂಜೆಗೆ ಮಾಡುವುದಾದರೆ ಫ್ರಿಜ್ಜಿನ ತಣ್ಣನೆಯ ತಳಭಾಗದಲ್ಲಿಡಿ.

ಯಾವ ಮೀನು ತರಬೇಕು? ಹೊಸಬರು ಸಾಮಾನ್ಯವಾಗಿ ಅಂಜಲ್, ಮಾಂಜಿಯ ಕಡೆಗೇ ಹೋಗುತ್ತಾರೆ. ಮುಳ್ಳು ಕಡಿಮೆ ಎಂಬ ಕಾರಣ. ಅವುಗಳ ಬೆಲೆ ನೋಡಿ, ಮೀನು ಶ್ರೀಮಂತರ ಊಟ ಎಂದುಕೊಂಡು ಹಿಂದಿರುಗುತ್ತಾರೆ. ನನ್ನ ಮಟ್ಟಿಗೆ ಮನೆಯಡುಗೆಗೆ ಬಂಗುಡೆ, ಭೂತಾಯಿಗಳನ್ನು ಮೀರಿಸಿದ ಮೀನು ಇಲ್ಲ. ಉಡುಪಿ, ಕುಂದಾಪುರದ ಕಡೆ ಬೈಗೆ ಎಂದೂ, ಉತ್ತರ ಕನ್ನಡದಲ್ಲಿ ತಾರ್ಲೆ ಎಂದೂ ಕರೆಯುವ ಭೂತಾಯಿಯಲ್ಲಿ ಮಳೆಗಾಲ ಕಳೆದ ಮೇಲೆ ಕೊಬ್ಬು ತುಂಬಿಕೊಳ್ಳುತ್ತದೆ. ಆಗ ಅದನ್ನು ಕಾವಲಿಗೆ ಹಾಕಿದರೆ ಬಿಟ್ಟ ಎಣ್ಣೆಯಲ್ಲೇ ಅದು ಬೇಯುತ್ತದೆ. ವೈದ್ಯರು ಹೃದಯಕ್ಕೆ ಒಳ್ಳೆಯದೆಂದು ಹೇಳುವ ಒಮೆಗಾ-3 ಇರುವುದು ಆ ಎಣ್ಣೆಯಲ್ಲೇ. ಬೆಂದ ಭೂತಾಯಿಯ ಸಣ್ಣ ಮುಳ್ಳುಗಳನ್ನು ಅಗಿದು ತಿನ್ನುವವರಿಗೆ ಸುಣ್ಣದ ಅಂಶವೂ ಸಿಗುತ್ತದೆ. ಇವು ಬೇಗ ಬೆಳೆಯುವ, ಬೇಗ ಸಂತಾನ ಮಾಡುವ ಮೀನುಗಳು. ಹಾಗೆಂದು ಬೆರಳುದ್ದದ ಬಂಗುಡೆ ಮರಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ನಾವು ಕೊಳ್ಳುತ್ತಾ ಹೋದರೆ ಎರಡು ತಿಂಗಳ ರಜೆಗೆ ಅರ್ಥವಿಲ್ಲ. ಭೂತಾಯಿ ಕೆಲವು ವರ್ಷ ರಾಶಿ ಬಿದ್ದು, ಕೆಲವು ವರ್ಷ ಕಾಣಸಿಗದಷ್ಟು ಕಡಿಮೆಯಾಗುವುದನ್ನು ಕರಾವಳಿಯವರೆಲ್ಲ ನೋಡಿದ್ದಾರೆ.

ಮನೆಯಲ್ಲೇ ಶುಚಿ ಮಾಡುವುದಾದರೆ ಈ ಎರಡೂ ಮೀನಿಗೆ ದೊಡ್ಡ ಕತ್ತಿ ಬೇಡ, ಅಡುಗೆಮನೆಯ ಕತ್ತರಿ ಸಾಕು. ರೆಕ್ಕೆ, ಬಾಲ ಕತ್ತರಿಸಿ, ಹೊಟ್ಟೆ ಸೀಳಿ ಕರುಳು ತೆಗೆದು, ಕಿವಿಯ ಕೆಂಪು ಭಾಗವನ್ನು ಕಿತ್ತು ಹಾಕಿ. ಬಂಗುಡೆಯ ಮೈಮೇಲಿನ ಚಿಪ್ಪು ತೀರಾ ಸಣ್ಣದು, ನೀರಿನಡಿ ಬೆರಳಿನಲ್ಲಿ ಉಜ್ಜಿದರೆ ಹೋಗುತ್ತದೆ. ಭೂತಾಯಿಯದಕ್ಕೆ ಚಾಕುವಿನ ಬೆನ್ನಿನಿಂದ ಬಾಲದಿಂದ ತಲೆಯ ಕಡೆಗೆ ಗೀರಬೇಕು. ಹೊಟ್ಟೆಯೊಳಗೆ ಬೆನ್ನೆಲುಬಿಗಂಟಿಕೊಂಡ ಕಪ್ಪು ರಕ್ತದ ಗೆರೆಯೊಂದಿರುತ್ತದೆ, ಅದನ್ನು ಉಗುರಿನಿಂದ ಕೆರೆದು ತೊಳೆಯಿರಿ. ಕಹಿಯೂ ವಾಸನೆಯೂ ಹೆಚ್ಚಾಗಿ ಬರುವುದು ಅಲ್ಲಿಂದ. ಆಮೇಲೆ ಕಲ್ಲುಪ್ಪು, ಚಿಟಿಕೆ ಅರಿಶಿನ ಹಚ್ಚಿ ಹತ್ತು ನಿಮಿಷ ಇಟ್ಟು ಒಮ್ಮೆ ತೊಳೆದರಾಯಿತು. ಐದಾರು ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆದರೆ ವಾಸನೆಯ ಜತೆ ರುಚಿಯೂ ಚರಂಡಿಗೆ ಹೋಗುತ್ತದೆ.

ನನ್ನನ್ನು ಕೇಳಿದರೆ ಮೊದಲು ಕಲಿಯಬೇಕಾದದ್ದು ಪುಳಿಮುಂಚಿ. ಹುಳಿ, ಖಾರ, ಉಪ್ಪು, ಮೀನು. ಇದರಲ್ಲಿ ತೆಂಗಿನಕಾಯಿ ಇಲ್ಲ, ಈರುಳ್ಳಿ ಬಾಡಿಸುವ ಗೋಜಿಲ್ಲ. ನಾಲ್ಕು ಜನರಿಗೆ ಅರ್ಧ ಕಿಲೋ ಭೂತಾಯಿ ಸಾಕು. ಹನ್ನೆರಡು ಬ್ಯಾಡಗಿ ಮೆಣಸು, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಅರ್ಧ ಚಮಚ ಜೀರಿಗೆ, ಏಳೆಂಟು ಕಾಳುಮೆಣಸು, ಕಾಲು ಚಮಚ ಮೆಂತ್ಯ. ಇವನ್ನು ಎಣ್ಣೆ ಸೋಕಿಸದೆ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕಪ್ಪಾಗುವಷ್ಟು ಬಿಟ್ಟರೆ ಇಡೀ ಸಾರು ಕಹಿ. ನಾಲ್ಕೈದು ಎಸಳು ಬೆಳ್ಳುಳ್ಳಿ, ಅರಿಶಿನ, ನಿಂಬೆಗಾತ್ರದ ಹುಣಸೆಹಣ್ಣು ಸೇರಿಸಿ ನುಣ್ಣಗೆ ಅರೆಯಿರಿ. ನುಣ್ಣಗೆ ಎಂದರೆ ಬೆರಳುಗಳ ನಡುವೆ ತಿಕ್ಕಿದಾಗ ತರಿ ಸಿಗಬಾರದು. ಕಾಯಿ ಇಲ್ಲದ ಈ ಸಾರು ಮಂದವಾಗುವುದು ಅರೆದದ್ದರ ಗುಣದಿಂದ ಮಾತ್ರ.

ಅಗಲ ಬಾಯಿಯ ಪಾತ್ರೆಯಲ್ಲಿ, ಮಣ್ಣಿನದಾದರೆ ಒಳ್ಳೆಯದು, ಅರೆದದ್ದನ್ನು ಹಾಕಿ. ಮಿಕ್ಸಿ ತೊಳೆದ ನೀರು, ಉಪ್ಪು, ಜಜ್ಜಿದ ಶುಂಠಿ, ಸೀಳಿದ ಎರಡು ಹಸಿಮೆಣಸು ಸೇರಿಸಿ ಕುದಿಯಲು ಬಿಡಿ. ಹೊಸಬರು ಅವಸರ ಮಾಡುವುದು ಈ ಹೊತ್ತಿನಲ್ಲೇ. ಮಸಾಲೆಯ ಹಸಿವಾಸನೆ ಹೋಗುವವರೆಗೆ, ಅಂಚಿನಲ್ಲಿ ಬಣ್ಣ ಗಾಢವಾಗಿ ಗುಳ್ಳೆಗಳು ದಪ್ಪವಾಗುವವರೆಗೆ ಮೀನು ಹಾಕಬಾರದು. ಹತ್ತು ಹನ್ನೆರಡು ನಿಮಿಷ ಬೇಯಬೇಕಾದದ್ದು ಮಸಾಲೆ, ಮೀನಲ್ಲ. ಮೀನು ಹಾಕಿದ ಮೇಲೆ ಮಸಾಲೆಯನ್ನು ಬೇಯಿಸಲು ಹೊರಟರೆ ಮೀನು ಸಾಯಂಕಾಲದವರೆಗೆ ಕುದ್ದಂತೆ ಆಗುತ್ತದೆ. ಮಸಾಲೆ ತಯಾರಾದ ಮೇಲೆ ಭೂತಾಯಿಗಳನ್ನು ಒಂದರ ಪಕ್ಕ ಒಂದರಂತೆ ಮಲಗಿಸಿ, ಉರಿ ತಗ್ಗಿಸಿ, ಮುಚ್ಚಳ ಹಾಕಿ. ಸೌಟು ಹಾಕಬೇಡಿ. ಪಾತ್ರೆಯ ಎರಡೂ ಕಿವಿ ಹಿಡಿದು ಮೆಲ್ಲಗೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗಿಸಿದರೆ ಮಸಾಲೆ ತಾನಾಗಿ ಎಲ್ಲ ಕಡೆಗೂ ಹರಿಯುತ್ತದೆ. ಮೀನು ಪುಡಿಯಾಗದೆ ಇರುವ ಗುಟ್ಟು ಇಷ್ಟೇ. ಆರೇಳು ನಿಮಿಷದಲ್ಲಿ ಒಲೆ ಆರಿಸಿ, ಮೇಲೆ ಎರಡು ಚಮಚ ಹಸಿ ತೆಂಗಿನೆಣ್ಣೆ, ಒಂದೆಸಳು ಕರಿಬೇವು. ಅರ್ಧ ಗಂಟೆ ಮುಚ್ಚಿಟ್ಟು ಆಮೇಲೆ ಬಡಿಸಿ. ಹುಳಿ, ಉಪ್ಪು ಒಳಗಿಳಿಯಲು ಸಮಯ ಬೇಕು. ಮರುದಿನ ಬೆಳಿಗ್ಗೆ ನೀರುದೋಸೆಗೋ, ಕುಚ್ಚಲಕ್ಕಿ ಗಂಜಿಗೋ ಇದೇ ಸಾರು ಇನ್ನೂ ರುಚಿ. ಅದಕ್ಕೇ ಕರಾವಳಿಯ ಮನೆಗಳಲ್ಲಿ ಬೇಕೆಂದೇ ನಾಲ್ಕು ಮೀನು ಹೆಚ್ಚು ಹಾಕುವುದು.

ಇದೇ ಮಸಾಲೆಗೆ ಅರ್ಧ ಹೋಳು ತೆಂಗಿನಕಾಯಿ ಸೇರಿಸಿ ಅರೆದರೆ ಗಸಿ. ಅದರಲ್ಲಿ ವಿವರಿಸುವಂಥದ್ದು ಹೆಚ್ಚೇನಿಲ್ಲ. ನನಗೆ ಹೆಚ್ಚು ಮುಖ್ಯವೆನಿಸುವುದು ಹುಳಿಯ ಆಯ್ಕೆ. ಹುಣಸೆಯೊಂದೇ ಹುಳಿಯಲ್ಲ. ಉತ್ತರ ಕನ್ನಡದಲ್ಲಿ ಒಣಗಿಸಿದ ಮುರುಗಲಿನ ಸಿಪ್ಪೆ, ಮಲೆನಾಡಿನ ಅಂಚಿನಲ್ಲಿ ಉಪ್ಪಾಗೆ, ಬೇಸಿಗೆಯಲ್ಲಿ ಮಾವಿನಕಾಯಿ, ಹಿತ್ತಿಲಲ್ಲಿ ಮರವಿದ್ದವರಿಗೆ ಬಿಂಬುಳಿ ಅಥವಾ ಅಂಬಟೆ, ಕೊಡಗಿನಲ್ಲಿ ಕಪ್ಪು ಕಾಚಂಪುಳಿ. ಬಂಗುಡೆ, ತಾರ್ಲೆಯ ಸಾರಿಗೆ ಅಂಕೋಲಾ, ಕುಮಟಾ, ಕಾರವಾರದ ಕಡೆ ಜಜ್ಜಿ ಹಾಕುವ ಜುಮ್ಮನಕಾಯಿ ಹುಳಿಯಲ್ಲ, ಆದರೆ ಕೊಬ್ಬಿನ ಮೀನಿನ ಮಾತು ಬಂದಾಗ ಅದನ್ನು ಬಿಡುವಂತಿಲ್ಲ. ನಾಲಗೆಯ ಮೇಲೆ ಜುಮ್ಮೆನ್ನಿಸಿ, ಮೀನಿನ ಜಿಡ್ಡನ್ನು ಹಗುರ ಮಾಡುತ್ತದೆ. ಹುಳಿ ಬರೀ ರುಚಿಗೆ ಅಲ್ಲ. ಕಡಲ ಮೀನು ಹಳತಾಗುತ್ತಾ ಬಂದಂತೆ ಅದರಲ್ಲಿ ಹುಟ್ಟುವ ವಾಸನೆಯ ವಸ್ತು ಕ್ಷಾರಗುಣದ್ದು. ಹುಳಿ ಅದನ್ನು ಕಟ್ಟಿಹಾಕುತ್ತದೆ. ನಿಂಬೆರಸ ಹಿಂಡಿ ಇಡುವ ಪದ್ಧತಿಯ ಹಿಂದಿರುವುದೂ ಇದೇ.

ಈಗ ಕಾವಲಿ. ಹೋಟೆಲಿನ ತವಾ ಫ್ರೈಯನ್ನು ಮನೆಯಲ್ಲಿ ಮಾಡಹೋಗಿ ಸೋತವರು ಬಹಳ, ಸೋಲಿಗೆ ಕಾರಣ ಎರಡು: ಒದ್ದೆ ಮೀನು, ಅವಸರದ ಕೈ. ಮಸಾಲೆ ಹಚ್ಚುವ ಮೊದಲು ಮೀನನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಬಂಗುಡೆಯ ಎರಡೂ ಮಗ್ಗುಲಿಗೆ ಓರೆಯಾಗಿ ಮೂರು ಗೀರು ಹಾಕಿ. ಮೆಣಸಿನಪುಡಿ, ಅರಿಶಿನ, ಉಪ್ಪು, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಗಟ್ಟಿ ಹುಣಸೆರಸ ಕಲಸಿ ಗೀರಿನೊಳಗೂ ಹೊಟ್ಟೆಯೊಳಗೂ ಹಚ್ಚಿ ಇಪ್ಪತ್ತು ನಿಮಿಷ ಇಡಿ. ಬಂಗುಡೆಗೆ ಇಷ್ಟು ಸಾಕು, ರವೆ ಬೇಡ. ಕಾಣೆ, ನಂಗ್‌ನಂಥ ತೆಳು ಮಾಂಸದ ಮೀನಿಗೆ ಮಾತ್ರ ಕೊನೆಯಲ್ಲಿ ಸಣ್ಣ ರವೆಯಲ್ಲಿ ಹೊರಳಿಸಿ. ಆ ಹೊದಿಕೆಯಿಂದ ಒಳಗಿನ ನೀರು ಉಳಿಯುತ್ತದೆ.

ಕಬ್ಬಿಣದ ಕಾವಲಿ ಚೆನ್ನಾಗಿ ಕಾಯಬೇಕು. ಎಣ್ಣೆ ಹಾಕಿ, ಎಣ್ಣೆಯೂ ಕಾದ ಮೇಲೆ ಮೀನು ಮಲಗಿಸಿ, ಉರಿ ಮಧ್ಯಮಕ್ಕೆ ತನ್ನಿ. ಆಮೇಲೆ ಕೈ ಕಟ್ಟಿ ನಿಲ್ಲಿ. ಹಸಿ ಮಾಂಸ ಬಿಸಿ ಲೋಹಕ್ಕೆ ಅಂಟಿಕೊಳ್ಳುವುದು ಸಹಜ. ತಳಭಾಗ ಗರಿಗರಿಯಾದ ಮೇಲೆ ಅದೇ ಬಿಟ್ಟುಕೊಳ್ಳುತ್ತದೆ. ಎರಡನೇ ನಿಮಿಷಕ್ಕೇ ಮಗುಚಲು ಹೋದರೆ ಚರ್ಮ ಕಾವಲಿಯಲ್ಲಿ, ಮೀನು ಸಟ್ಟುಗದಲ್ಲಿ. ನಾಲ್ಕೈದು ನಿಮಿಷ ತಡೆದು, ಅಂಚಿನಲ್ಲಿ ಸಟ್ಟುಗ ತೂರಿಸಿ ನೋಡಿ. ಸರಾಗವಾಗಿ ಎದ್ದರೆ ಮಗುಚಿ, ಇಲ್ಲವಾದರೆ ಇನ್ನೊಂದು ನಿಮಿಷ ಕಾಯಿರಿ. ಒಂದೇ ಸಲ ಮಗುಚಬೇಕು. ಇನ್ನೊಂದು ಮಗ್ಗುಲಿಗೆ ಮೂರ್ನಾಲ್ಕು ನಿಮಿಷ. ಕಾವಲಿ ತುಂಬ ಮೀನು ಒತ್ತಿಡುವುದೂ ಬೇಡ. ಜಾಗವಿಲ್ಲದಿದ್ದರೆ ಮೀನು ಹುರಿಯುವುದಿಲ್ಲ, ತನ್ನದೇ ಆವಿಯಲ್ಲಿ ಬೆಂದು ಮೆತ್ತಗಾಗುತ್ತದೆ. ಕೊನೆಯಲ್ಲಿ ಕಾವಲಿಯಲ್ಲಿ ಉಳಿದ ಮಸಾಲೆ ಎಣ್ಣೆಗೆ ಒಂದು ಹಿಡಿ ಬಿಸಿ ಅನ್ನ ಹಾಕಿ ಕಲಸಿದರೆ ಮನೆಯ ಮಕ್ಕಳು ಅದಕ್ಕಾಗಿ ಜಗಳವಾಡುತ್ತಾರೆ.

ಎಣ್ಣೆ ಬೇಡವೆನ್ನುವವರಿಗೆ, ವಯಸ್ಸಾದವರಿಗೆ ಬಾಳೆ ಎಲೆ ಇದೆ. ಎಲೆಯನ್ನು ಬೆಂಕಿಯ ಮೇಲೆ ಆಡಿಸಿ ಬಾಡಿಸಿ. ಬಾಡಿಸದ ಎಲೆ ಮಡಚುವಾಗ ಸೀಳುತ್ತದೆ. ಹಸಿಮೆಣಸು, ಕೊತ್ತಂಬರಿ ಸೊಪ್ಪು, ಶುಂಠಿ, ನಾಲ್ಕು ಕಾಳುಮೆಣಸು, ಸ್ವಲ್ಪ ಕಾಯಿತುರಿ, ನಿಂಬೆರಸ ಅರೆದು ಮೀನಿಗೆ ಸವರಿ, ಎಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿ ಇಡ್ಲಿ ಪಾತ್ರೆಯಲ್ಲಿ ಹನ್ನೆರಡು ನಿಮಿಷ ಬೇಯಿಸಿ. ಅಥವಾ ಕಾವಲಿಯ ಮೇಲೆ ಮುಚ್ಚಳ ಹಾಕಿ, ಮಗುಚಿ ಮಗುಚಿ ಸುಡಿ. ಎಲೆ ಅಲ್ಲಲ್ಲಿ ಕಪ್ಪಾದಾಗ ಒಳಗಿನ ಮೀನು ಬೆಂದಿರುತ್ತದೆ. ಮೀನು ತನ್ನ ರಸದಲ್ಲೇ ಬೇಯುವುದರಿಂದ ಒಣಗುವ ಭಯವಿಲ್ಲ, ಒಡೆಯುವ ಭಯವಿಲ್ಲ, ಮನೆ ತುಂಬ ಹೊಗೆಯೂ ಇಲ್ಲ. ಅಂಗಳದಲ್ಲಿ ಅರಿಶಿನ ಗಿಡವಿದ್ದವರು ಅದರ ಎಲೆಯಲ್ಲೊಮ್ಮೆ ಮಾಡಿ ನೋಡಿ. ಆ ಪರಿಮಳಕ್ಕೆ ಬೇರೆ ಮಸಾಲೆಯೇ ಬೇಕಿಲ್ಲ.

ಕಡಲಿನಿಂದ ದೂರದವರಿಗೆ ಕೆರೆಮೀನಿದೆ. ಮಂಡ್ಯ, ಮೈಸೂರು, ತುಮಕೂರಿನ ಕಡೆ ಕಾಟ್ಲಾ, ರೋಹು, ಜಿಲೇಬಿ ಮೀನು ಕಣ್ಣೆದುರೇ ಕೆರೆಯಿಂದ ಬಂದದ್ದು ಸಿಗುತ್ತದೆ. ಮಂಜುಗಡ್ಡೆಯಲ್ಲಿ ಮೂರು ದಿನ ಪ್ರಯಾಣ ಮಾಡಿದ ಅಂಜಲ್‌ಗಿಂತ ಬೆಳಿಗ್ಗೆ ಬಲೆಗೆ ಬಿದ್ದ ಕಾಟ್ಲಾ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಕೆರೆಮೀನಿಗೆ ಮಣ್ಣಿನ ವಾಸನೆ ಎಂದು ಮೂಗು ಮುರಿಯುವವರಿದ್ದಾರೆ. ನಿಂತ ನೀರಿನ ಪಾಚಿ, ಸೂಕ್ಷ್ಮಜೀವಿಗಳು ಬಿಡುವ ಒಂದು ವಸ್ತು ಮೀನಿನ ಕೊಬ್ಬಿನಲ್ಲೂ ಚರ್ಮದಲ್ಲೂ ಸೇರಿಕೊಳ್ಳುವುದರಿಂದ ಅದು ಬರುತ್ತದೆ, ಮತ್ತು ಹುಳಿಗೆ ಅದು ಬಗ್ಗುತ್ತದೆ. ಹಳೇ ಮೈಸೂರಿನ ಅಡುಗೆಯವರು ಮೀನು ಸಾರಿಗೆ ಹುಣಸೆಯನ್ನು ಕೈಬಿಚ್ಚಿ ಹಾಕುವುದು ಸುಮ್ಮನೆ ಅಲ್ಲ. ತುಂಡುಗಳನ್ನು ಉಪ್ಪು, ಹುಣಸೆನೀರಿನಲ್ಲಿ ಕಾಲು ಗಂಟೆ ನೆನೆಸಿ ತೊಳೆದು, ಈರುಳ್ಳಿ, ಬೆಳ್ಳುಳ್ಳಿ, ಟೊಮೆಟೊ, ಧನಿಯ, ಮೆಣಸಿನ ಮಸಾಲೆಯಲ್ಲಿ ಸಾರು ಮಾಡಿ, ಬಿಸಿ ರಾಗಿಮುದ್ದೆಯ ಜತೆ ಬಡಿಸಿದರೆ ಅದಕ್ಕೆ ಸಾಟಿಯಿಲ್ಲ. ಕಾಟ್ಲಾದ ತಲೆಯನ್ನು ಬಿಸಾಡಬೇಡಿ. ಸಾರಿಗೆ ಗಟ್ಟಿ ರುಚಿ ಕೊಡುವುದು ಅದೇ.

ವಾಸನೆಯ ಮಾತಿಗೆ ಬರೋಣ. ತಾಜಾ ಮೀನು ಮನೆ ತುಂಬ ನಾರುವುದಿಲ್ಲ. ನಾರುವುದು ಹಳೆಯ ಮೀನು, ಮತ್ತು ಬುಟ್ಟಿಯಲ್ಲಿ ರಾತ್ರಿಯಿಡೀ ಕೂತ ಕರುಳು, ಚಿಪ್ಪು. ಅವನ್ನು ಕಾಗದದಲ್ಲಿ ಬಿಗಿಯಾಗಿ ಕಟ್ಟಿ ಅಂದೇ ಹೊರಹಾಕಿ, ಮೀನು ತೊಳೆದ ನೀರನ್ನು ತೆಂಗಿನ ಬುಡಕ್ಕೋ ಕರಿಬೇವಿನ ಗಿಡಕ್ಕೋ ಹೊಯ್ಯಿರಿ, ಕೈಯನ್ನೂ ಪಾತ್ರೆಯನ್ನೂ ಹಿಂಡಿದ ಹುಣಸೆಯ ಚರಟದಿಂದ ಉಜ್ಜಿ ತೊಳೆಯಿರಿ. ಇಷ್ಟು ಮಾಡಿದ ಮೇಲೂ ನಗರದ ಬಾಡಿಗೆ ಮನೆಗಳಲ್ಲಿ 'ಮೀನು ಬೇಯಿಸಬಾರದು' ಎಂಬ ಷರತ್ತು ಎದುರಿಸುವ ಕುಟುಂಬಗಳಿವೆ. ತಲೆತಲಾಂತರದಿಂದ ಉಂಡ ಅನ್ನವನ್ನು ಕಿಟಕಿ ಮುಚ್ಚಿಕೊಂಡು, ಅಳುಕುತ್ತಾ ಬೇಯಿಸಬೇಕಾದ ಸ್ಥಿತಿ ಯಾರಿಗೂ ಬರಬಾರದು. ಮನೆ ಬಾಡಿಗೆಗೆ ಕೊಡುವವರು ಗೋಡೆ ಕೆಡದಂತೆ, ಚರಂಡಿ ಕಟ್ಟದಂತೆ ಷರತ್ತು ಹಾಕಲಿ, ಅದು ನ್ಯಾಯ. ಒಬ್ಬರ ತಟ್ಟೆಯೊಳಗೆ ಇಣುಕುವುದು ನ್ಯಾಯವಲ್ಲ.

ಮುಳ್ಳಿನ ಭಯಕ್ಕೆ ಬಂಗುಡೆಯೇ ಮದ್ದು. ಅದರ ಮುಳ್ಳಿನ ಜೋಡಣೆ ಬಲು ಕ್ರಮಬದ್ಧ. ಬೆಂದ ಬಂಗುಡೆಯನ್ನು ತಟ್ಟೆಯಲ್ಲಿ ಮಲಗಿಸಿ, ಬೆನ್ನಿನ ಗೆರೆಯುದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಹೋದರೆ ಮೇಲಿನ ಮಗ್ಗುಲು ಇಡಿಯಾಗಿ ಬಿಟ್ಟುಬರುತ್ತದೆ. ಈಗ ನಡುಮುಳ್ಳು ಪೂರ್ತಿ ಕಾಣುತ್ತದೆ. ಬಾಲದ ಕಡೆಯಿಂದ ಹಿಡಿದು ಮೇಲೆತ್ತಿದರೆ ತಲೆಯವರೆಗೆ ಒಂದೇ ಎಳೆತಕ್ಕೆ ಬರುತ್ತದೆ. ಉಳಿಯುವುದು ಹೊಟ್ಟೆಯ ಅಂಚಿನ ಕೆಲವು ಸಣ್ಣ ಮುಳ್ಳು. ಆ ಭಾಗವನ್ನು ದೊಡ್ಡವರು ತಿಂದು, ಬೆನ್ನಿನ ಮಾಂಸವನ್ನು ಬೆರಳಲ್ಲಿ ಹಿಸುಕಿ ನೋಡಿ ಮಗುವಿಗೆ ಕೊಡಿ. ಕರಾವಳಿಯಲ್ಲಿ ಮಕ್ಕಳು ಅಜ್ಜಿಯ ಪಕ್ಕ ಕೂತು ಹೀಗೆಯೇ ಕಲಿಯುತ್ತಾರೆ, ಶಾಲೆಗೆ ಹೋಗುವ ಹೊತ್ತಿಗೆ ತಮ್ಮ ಮೀನನ್ನು ತಾವೇ ಬಿಡಿಸಿ ತಿನ್ನುತ್ತಾರೆ. ಮುಳ್ಳಿಲ್ಲದ ತುಂಡನ್ನೇ ಕೊಟ್ಟು ಬೆಳೆಸಿದ ಮಗು ದೊಡ್ಡದಾದ ಮೇಲೂ ಹೆದರುತ್ತದೆ.

ಮಳೆಗಾಲದ ರಜೆಯಲ್ಲಿ ಏನು ಮಾಡುವುದು ಎಂದರೆ ಒಣಸಿಗಡಿ ಇದೆ. ತಲೆ, ಕಾಲು ಮುರಿದು, ಬರೀ ಕಾವಲಿಯಲ್ಲಿ ಗರಿಗರಿಯಾಗಿ ಹುರಿದು, ಸುಟ್ಟ ಒಣಮೆಣಸು, ಕಾಯಿತುರಿ, ಹುಣಸೆ, ಒಂದೆಸಳು ಬೆಳ್ಳುಳ್ಳಿಯ ಜತೆ ತರಿತರಿಯಾಗಿ ಅರೆದರೆ ಚಟ್ನಿ. ಉಪ್ಪು ನೋಡಿ ಹಾಕಬೇಕು, ಸಿಗಡಿಯಲ್ಲೇ ಇರುತ್ತದೆ. ಹೊರಗೆ ಧಾರಾಕಾರ ಮಳೆ ಸುರಿಯುವಾಗ ಬಿಸಿ ಗಂಜಿಗೆ ಇದನ್ನು ನೆಂಚಿಕೊಂಡವರಿಗೆ ಬೇರೆ ಪಲ್ಯ ಬೇಕೆನಿಸುವುದಿಲ್ಲ.

ಇಷ್ಟು ಬರೆದ ಮೇಲೆ ಒಂದು ಮಾತನ್ನು ಮನೆಯ ಗಂಡಸರಿಗೆ ಹೇಳಬೇಕಿದೆ. ಬೆಳಿಗ್ಗೆ ಚೀಲ ಹಿಡಿದು ಹೋಗಿ, ಚೌಕಾಸಿ ಮಾಡಿ ಮೀನು ತರುವುದು ನಮ್ಮಲ್ಲಿ ಅನೇಕ ಕಡೆ ಗಂಡಸರ ಕೆಲಸ. ತಂದದ್ದನ್ನು ಸಿಂಕಿನಲ್ಲಿಟ್ಟು ಪೇಪರ್ ಹಿಡಿದು ಕೂತರೆ, ಶುಚಿ ಮಾಡಿ, ಅರೆದು, ಬೇಯಿಸಿ, ಆಮೇಲೆ ಪಾತ್ರೆಯ ಜಿಡ್ಡು ತಿಕ್ಕುವವರೆಗೆ ಎಲ್ಲವೂ ಹೆಂಗಸರ ಪಾಲು. ಮನೆಯಲ್ಲಿ ಮೀನು ಅಪರೂಪವಾಗಲು ನಿಜವಾದ ಕಾರಣ ಅನೇಕ ಸಲ ಇದೇ ಎಂದು ನನಗನ್ನಿಸಿದೆ: ಕೆಲಸ ಒಬ್ಬರ ಮೇಲೇ ಬೀಳುತ್ತದೆ. ಕರುಳು ತೆಗೆಯಲು ಒಬ್ಬರು, ಮಸಾಲೆ ಅರೆಯಲು ಇನ್ನೊಬ್ಬರು ನಿಂತರೆ ಮಾರುಕಟ್ಟೆಯಿಂದ ಬಂದ ಒಂದು ಗಂಟೆಯೊಳಗೆ ಊಟಕ್ಕೆ ಕೂರಬಹುದು. ಹೋಟೆಲಿನಿಂದ ತರಿಸಿದ್ದು ಬಾಗಿಲಿಗೆ ಬರಲು ಹಿಡಿಯುವಷ್ಟೇ ಹೊತ್ತು, ಖರ್ಚು ಅದರ ಕಾಲು ಭಾಗವೂ ಇಲ್ಲ. ಮಗಳಿಗೂ ಮಗನಿಗೂ ಒಟ್ಟಿಗೇ ಕಲಿಸಿ. ಕೆಲಸಕ್ಕೆಂದು ಬೇರೆ ಊರಿಗೆ ಹೋದ ಮೇಲೆ ಅವರ ಕೈಗೆ ಮೊದಲು ಬರುವುದು ಈ ಕಲಿಕೆಯೇ.

ಈ ಭಾನುವಾರ ಎಂಟು ಗಂಟೆಯೊಳಗೆ ಮಾರುಕಟ್ಟೆಗೆ ಹೋಗಿ. ಕಣ್ಣು, ಕಿವಿ ನೋಡಿ ಅರ್ಧ ಕಿಲೋ ಬಂಗುಡೆ ತನ್ನಿ. ಎರಡನ್ನು ಕಾವಲಿಗೆ ಇಟ್ಟುಕೊಂಡು, ಉಳಿದದ್ದಕ್ಕೆ ಪುಳಿಮುಂಚಿ ಮಾಡಿ.